ನೆರಳಿಲ್ಲದ ಚಹಾ

ಅಕ್ಕಿ, ರಾಗಿಗಳು ಸತ್ವ ಕಳೆದುಕೊಂಡ ಮೇಲೆ ಜನರ ಮೈಯಲ್ಲಿ ಕಸುವು ಉಳಿಯುತ್ತಿದ್ದುದು ಬೆಳಗಿನ ಒಂದು ಲೋಟ ಚಹಾದಿಂದ ಮಾತ್ರ. ಎಸ್ಟೇಟಿನ ಹಂಡೆಯಲ್ಲಿ ಕುದಿಸಿದ ಚಹಾವನ್ನು ಪರೀಕ್ಷಿಸಿ, ಮಕ್ಕಳಿಗೆ ಹಂಚಲು ಒಪ್ಪಿಗೆ ಕೊಡುವುದು ದೇವೀರಮ್ಮನ ಕೆಲಸ.

ಮಗಳ ಬಾಣಂತನಕ್ಕೆಂದು ಹೋಗಿದ್ದವಳು, ಇಪ್ಪತ್ತು ದಿನಗಳ ನಂತರ ಅವಳು ಅಂದೇ ಕೆಲಸಕ್ಕೆ ಮರಳಿದ್ದಳು. ಕಾಗದದ ಪಟ್ಟಿಯನ್ನು ಹಂಡೆಯಲ್ಲಿ ಅದ್ದಿದಳು. ಸತ್ವವಿದ್ದರೆ ನೀಲಿಗೆ ತಿರುಗಬೇಕಿದ್ದ ಪಟ್ಟಿ ತಿರುಗಲಿಲ್ಲ. ಇನ್ನೊಂದನ್ನು ಅದ್ದಿದಳು; ಅದೂ ಹಾಗೆಯೇ. ಹೋದ ವರ್ಷ ಇಂಥದೇ ಚಹಾ ಕುಡಿದ ಪಕ್ಕದ ಎಸ್ಟೇಟಿನ ಮಕ್ಕಳು ಚಾಪೆ ಬಿಟ್ಟು ಏಳಲಾರದೆ ಹೋಗಿದ್ದು ಕಣ್ಣ ಮುಂದೆ ಬಂತು.

"ನೆರಳು ಮರ ಕಡಿಸಿದ್ರಾ?" ಎಂದು ಮೇಸ್ತ್ರಿ ಲಾರೆನ್ಸನನ್ನು ಕೇಳಿದಳು.

"ಹೂಂ ಅಕ್ಕ, ನೀವು ಹೋದ ಕೂಡ್ಲೇ. ಗೊಬ್ಬರಾನೂ ಜಾಸ್ತಿ ಸುರಿದ್ವಿ. ಹತ್ತು ದಿನಕ್ಕೆ ಬರ್ತಿದ್ದ ಚಿಗುರು ಈಗ ನಾಕೇ ದಿನಕ್ಕೆ ಬರುತ್ತೆ. ರುಚಿ, ಬಣ್ಣ ಎಲ್ಲ ಸರಿಯಾಗೇ ಇದೆ. ಹಂಚೋಕೆ ಬಿಡಿ."

ದೇವೀರಮ್ಮ ಹಂಡೆಗೆ ಮುಚ್ಚಳ ಹಾಕಿ, ಅದಕ್ಕೆ ಅಡ್ಡವಾಗಿ ನಿಂತಳು. "ನೆರಳಲ್ಲಿ ನಿಧಾನಕ್ಕೆ ಬೆಳೆದ ಚಿಗುರಲ್ಲೇ ಸತ್ವ ಕೂಡೋದು. ಇದ್ರಲ್ಲಿ ಏನೂ ಇಲ್ಲ. ಬರೀ ಬಣ್ಣದ ನೀರು!" ಎಂದು ಸಾಲಿನಲ್ಲಿದ್ದ ತಾಯಂದಿರಿಗೆ ಕೂಗಿ ಹೇಳಿದಳು.

ಮುಂದೆ ನಿಂತಿದ್ದ ಸಫೂರಾ ಮೆಲ್ಲಗೆ ಕೇಳಿದಳು: "ನೀವಿಲ್ದಾಗ ಪರೀಕ್ಷೆ ಇಲ್ದೇನೇ ಅಷ್ಟೂ ದಿನ ಮಕ್ಕಳಿಗೆ ಇದನ್ನೇ ಕುಡಿಸಿದ್ವಲ್ಲ, ದೇವೀರಮ್ಮ?"

ದೇವೀರಮ್ಮ ಸಫೂರಾಳ ಆರು ವರ್ಷದ ಮಗಳ ಮುಂದೆ ಕುಕ್ಕರುಗಾಲಿನಲ್ಲಿ ಕೂತು, ತನ್ನ ಬೆರಳನ್ನು ಅವಳ ಅಂಗೈಯಲ್ಲಿಟ್ಟು, "ಗಟ್ಟಿಯಾಗಿ ಹಿಡ್ಕೋ, ಪುಟ್ಟಿ" ಎಂದಳು.

"ಹಿಡ್ಕೊಂಡಿದೀನಲ್ಲ ಅಜ್ಜಿ" ಎಂದಿತು ಮಗು. ಅದರ ಬೆರಳುಗಳು ಬಿಚ್ಚಿಕೊಂಡೇ ಇದ್ದವು.