ಮೇಷ್ಟ್ರ ಬಗ್ಗೆ ಒಂದು ವಿಚಾರಣೆ

ನಾಗಪ್ಪ ಕ್ಷೌರದಂಗಡಿಯನ್ನು ದಾಟಿದ. ಚಹಾದಂಗಡಿಯನ್ನೂ ದಾಟಿದ. ಮದುವೆಯ ಸಂಬಂಧಕ್ಕೆ ಮುಂಚೆ ಗುಟ್ಟಾಗಿ ವಿಚಾರಿಸಲು ಬಂದವರು ಹರಪನಹಳ್ಳಿಯಲ್ಲಿ ಮೊದಲು ಹೊಗುವ ಜಾಗಗಳು ಇವೆರಡೇ. ಅವನು ಹೋಗಿ ನಿಂತದ್ದು ಮೂಲೆಯ ಎಸ್‌ಟಿಡಿ ಬೂತಿನ ಮುಂದೆ. ಟೋಪಿ ಸರಿಮಾಡಿಕೊಂಡು ಬೂತಿನ ಮೇಲಿನ ರೂಮಿನತ್ತ ನೋಡಿದ. ಬೀಗ ಹಾಕಿತ್ತು. ಹೈಸ್ಕೂಲಿನ ಗಣಿತದ ಮೇಷ್ಟ್ರು ಪ್ರವೀಣಕುಮಾರ್ ಬಾಡಿಗೆಗಿದ್ದದ್ದು ಅಲ್ಲಿ. ಹನ್ನೊಂದು ಗಂಟೆಗೆ ಮೇಷ್ಟ್ರು ಶಾಲೆಯಲ್ಲಿರುತ್ತಾರೆಂದು ತಿಳಿದೇ ಅವನು ಈ ಹೊತ್ತಿಗೆ ಬಂದಿದ್ದ.

ಎರಡು ವರ್ಷದ ಹಿಂದೆ ಮಗಳು ಅರ್ಚನಾಳ ಮದುವೆಗೆ ನಾಗಪ್ಪ ಎಲ್ಲವನ್ನೂ ನೋಡಿದ್ದ. ಜಾತಕ ನೋಡಿದ, ನೌಕರಿ ನೋಡಿದ, ದೊಡ್ಡವರ ಶಿಫಾರಸನ್ನೂ ಕೇಳಿದ. ಹುಡುಗನ ಮನೆಯ ಹೊಸ್ತಿಲು ದಾಟುವಾಗ ತನ್ನ ಮನಸ್ಸು ಬೇಡ ಅಂದದ್ದನ್ನು ಮಾತ್ರ ಕೇಳಿಸಿಕೊಳ್ಳಲಿಲ್ಲ. ಮದುವೆಯಾದ ಎಂಟನೇ ತಿಂಗಳಿಗೆ ಅರ್ಚನಾ ಗಂಡನನ್ನು ಬಿಟ್ಟು ಪೆಟ್ಟಿಗೆ ಸಮೇತ ತವರಿಗೆ ಬಂದಳು. ಅಪ್ಪನಿಗೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಅವನಿಗೆ ಇಷ್ಟು ಸಂಕಟವಾಗುತ್ತಿರಲಿಲ್ಲ. ಮನೆಯಲ್ಲಿ ಇನ್ನೊಂದು ಮದುವೆ ಹೀಗೆ ಕೆಟ್ಟರೆ ತಾಳಿಕೊಳ್ಳುವ ಶಕ್ತಿ ಅವನಲ್ಲಿ ಉಳಿದಿರಲಿಲ್ಲ.

ಮೂವತ್ತು ವರ್ಷ ಶೇಂಗಾ ವ್ಯಾಪಾರ ಮಾಡಿದವನು. ಒಂದು ಹಿಡಿ ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ ಒಳಗೆ ಕಾಳು ತುಂಬಿದೆಯೋ ಜೊಳ್ಳೋ ಎಂದು ಹೇಳಬಲ್ಲ. ಅಂಥ ತಾನು ಮಗಳ ವಿಷಯದಲ್ಲಿ ಮಂದಿ ಮಾತು ಕಟ್ಟಿಕೊಂಡು ಕೂತೆನಲ್ಲ ಎಂದು ಎಷ್ಟೋ ಸಲ ತನ್ನನ್ನೇ ಬೈದುಕೊಂಡಿದ್ದ. ಈ ಸಲ ಜಾತಕ ಬೇಡ, ಸಜ್ಜಾಗಿ ಕೂತವರನ್ನು ನೋಡುವ ಶಾಸ್ತ್ರವೂ ಬೇಡ, ಹೇಳದೆ ಕೇಳದೆ ಹೋಗಿ ನನ್ನ ಮನಸ್ಸು ಏನನ್ನುತ್ತದೋ ನೋಡಿ ಬರುತ್ತೇನೆ ಎಂದು ಬಸ್ಸು ಹತ್ತಿದ್ದ. ಅವನ ಒಂದು 'ಹೂಂ'ಗೆ ಮನೆಯೆಲ್ಲ ಕಾದಿತ್ತು. ಹೆಂಡತಿ ಕಲ್ಯಾಣಮ್ಮ ಒಂದೇ ಬುದ್ಧಿಮಾತು ಹೇಳಿ ಕಳಿಸಿದ್ದಳು, ಮೆಲ್ಲಗೆ ಮಾತಾಡಬೇಕು ಅಂತ. ನಾಗಪ್ಪ ಮೆಲ್ಲಗೆ ಮಾತಾಡಿದರೆ ಪಕ್ಕದ ಓಣಿಗೆ ಮಾತ್ರ ಕೇಳುತ್ತದೆ.

ಬೂತಿನಲ್ಲಿ ಕೂತಿದ್ದವಳು ಮನೆ ಮಾಲೀಕರ ಮಗಳು ಪುಷ್ಪಲತಾ. ಇಪ್ಪತ್ತನಾಲ್ಕರ ವಯಸ್ಸು.

"ಏನವ್ವಾ, ಇಲ್ಲಿ ಒಂದೀಟು ಕುಂದರಬಹುದಾ?"

ಅವಳು ಒಂದು ಗಳಿಗೆ ಅವನ ಮುಖ ನೋಡಿದಳು. ಆಮೇಲೆ ಎದ್ದು ಸ್ಟೂಲು ಒರೆಸಿ ಕೊಟ್ಟಳು, ಕೇಳದೆಯೇ ನೀರನ್ನೂ ತಂದುಕೊಟ್ಟಳು. ನಾಗಪ್ಪ ತಾನು ಕೋಗಳಿ ಕಡೆಯವನೆಂದು ಹೇಳಿಕೊಂಡ. ಮೇಲಿನ ರೂಮಿನ ಮೇಷ್ಟ್ರದು ಒಂದು ಸಂಬಂಧದ ಮಾತು ನಡೆದಿದೆ, ಇದ್ದದ್ದನ್ನು ಇದ್ದಂತೆ ಹೇಳಿದರೆ ಪುಣ್ಯ ಬರುತ್ತದೆ ಎಂದ.

"ಒಬ್ಬರ ಹಿಂದ ಏನು ಹೇಳ್ತೀನೋ ಅದನ್ನ ಅವರ ಮುಂದೂ ಹೇಳ್ತೀನ್ರಿ," ಎಂದು ಪುಷ್ಪಲತಾ ಶುರು ಮಾಡಿದಳು.

ಮೇಷ್ಟ್ರಿಗೆ ಚಹಾ ಬಿಟ್ಟರೆ ಬೇರೆ ಚಟವಿಲ್ಲ. ಮರೆವು ಮಾತ್ರ ವಿಪರೀತ. ನಲ್ಲಿ ಬಿಟ್ಟು ಶಾಲೆಗೆ ಹೋಗಿ ಎರಡು ಸಲ ಮೆಟ್ಟಿಲ ಮೇಲೆ ಹೊಳೆ ಹರಿಸಿದ್ದಾರೆ. ಹಟವೂ ಇದೆ. ಫೇಲಾದ ಹುಡುಗರನ್ನು ಸಂಜೆ ಕೂರಿಸಿಕೊಂಡು ಪುಕ್ಕಟೆ ಪಾಠ ಹೇಳುತ್ತಾರೆ, ಹೇಳುತ್ತ ಹೇಳುತ್ತ ರೇಗಿ ಗಂಟಲು ಕೆಡಿಸಿಕೊಳ್ಳುತ್ತಾರೆ. ನಾಗಪ್ಪ ತಲೆಯಾಡಿಸಿದ. ಅವಳ ಮಾತಿಗಿಂತ ಮಾತಾಡುವಾಗಿನ ಅವಳ ಮುಖವನ್ನೇ ಹೆಚ್ಚು ನೋಡುತ್ತಿದ್ದ.

ಆಮೇಲೆ ಗಂಟಲು ಸರಿಮಾಡಿಕೊಂಡು ಮೇಷ್ಟ್ರ ಅಪ್ಪ ಹೇಗೆ ಎಂದು ಕೇಳಿದ.

"ಅವರಪ್ಪಾರದು ಬಾಯಿ ಭಾಳ ಜೋರ್ರಿ. ಭಾನುವಾರಕ್ಕೊಮ್ಮೆ ಮೇಷ್ಟ್ರು ಇಲ್ಲಿಂದ ಮನಿಗೆ ಫೋನ್ ಹಚ್ಚತಾರ. ಗಾಜಿನ ಬಾಗಲಾ ಹಾಕಿದ್ರೂ ಅವರಪ್ಪ ಬೈಯೋದು ನನ್ನ ಟೇಬಲ್ ತನಕ ಕೇಳತೈತಿ."

ನಾಗಪ್ಪ ಸ್ಟೂಲಿನ ಮೇಲೆ ಮಿಸುಕಾಡಿದ. ಅಂಥ ಮನೆಗೆ ಹೆಣ್ಣುಮಗಳೊಬ್ಬಳು ಹೋಗಿ ಬಾಳಬಹುದೇ ಎಂದು, ಈ ಸಲ ನಿಜವಾಗಿಯೂ ಮೆಲ್ಲಗೆ, ಕೇಳಿದ.

ಪುಷ್ಪಲತಾ ಪೆನ್ನಿನ ಮುಚ್ಚಳವನ್ನು ಎರಡು ಸಲ ತೆಗೆದು ಹಾಕಿದಳು.

"ಆರು ವರ್ಷದಿಂದ ಈ ಬೂತಿನಾಗ ಕುಂತೀನ್ರಿ. ಅಪ್ಪಗ ಫೋನ್ ಮಾಡಿ ಮಾರಿ ಸಪ್ಪಗ ಮಾಡ್ಕೊಂಡು ಹೋಗೋರ್ನ ಭಾಳ ಮಂದೀನ್ನ ನೋಡೀನಿ. ಮೇಷ್ಟ್ರು ಬೈಸ್ಕೊಂಡು ನಕ್ಕೋತ ಹೊರಗ ಬರ್ತಾರ. ಬೈಸ್ಕೊಂಡು ನಗೋ ಮಗ ಇರೋ ಮನಿ ಚಲೋ ಇರತೈತಿ ಅಂತ ನನ್ನ ಮನಸ್ಸು ಹೇಳತೈತಿ. ಹೋಗೋ ಹುಡುಗಿ ಕಿವಿಗೆ ಸ್ವಲ್ಪ ಹತ್ತಿ ಇಟ್ಕೊಂಡ್ರ ಆತು."

ನಾಗಪ್ಪ ನಕ್ಕ. ಚಹಾದಂಗಡಿಯಲ್ಲಿ ಕೂತವರು ತಿರುಗಿ ನೋಡುವಷ್ಟು ಜೋರಾಗಿ ನಕ್ಕ. ಅರ್ಚನಾ ತವರಿಗೆ ಬಂದ ಮೇಲೆ ಅವನು ಹಾಗೆ ನಕ್ಕಿರಲಿಲ್ಲ. ಕಣ್ಣು ಒದ್ದೆಯಾದವು, ಟವೆಲ್ಲಿನಿಂದ ಒರೆಸಿಕೊಂಡ. ಎರಡು ವರ್ಷದಿಂದ ಕಾಣದಿದ್ದ ಒಂದು ಸಮಾಧಾನ ಬಂದು ಎದೆಯಲ್ಲಿ ಕೂತಿತು. ಇನ್ನು ಯಾರನ್ನೂ ಕೇಳುವುದು ಬೇಕಿರಲಿಲ್ಲ.

ಕೊಟ್ಟೂರಿಗೊಂದು ಫೋನ್ ಹಚ್ಚಿ ಕೊಡವ್ವಾ ಎಂದು ಹೇಳಿ ಗಾಜಿನ ಗೂಡಿನೊಳಗೆ ಹೋಗಿ ಬಾಗಿಲು ಎಳೆದುಕೊಂಡ. ಅವಳು ಟೇಬಲ್ಲಿನಿಂದಲೇ ಡಯಲ್ ಮಾಡಿ, ಎತ್ತಿಕೊಳ್ಳಿ ಎಂದು ಕೈಸನ್ನೆ ಮಾಡಿದಳು.

ಆ ಕಡೆ ಕಲ್ಯಾಣಮ್ಮ ಕಾದೇ ಕೂತಿದ್ದಳು. "ಹುಡುಗೀನ್ನ ನೋಡಿದ್ರೇನು? ಹೆಂಗದಾಳ? ನೀವು ಬ್ಯಾಡ ಅಂದ್ರ ನಮ್ಮ ಪ್ರವೀಣ ಬ್ಯಾರೆ ಮದುವೀನ ಆಗಂಗಿಲ್ಲ ಅಂತ ಕುಂತಾನ."

"ನನ್ನ ಮನಸ್ಸು ಹೂಂ ಅಂತೈತಿ. ಮಗಗ ಹೇಳಿಬಿಡು," ಎಂದ ನಾಗಪ್ಪ. ಆಮೇಲೆ ದನಿ ತಗ್ಗಿಸಲು ನೋಡಿ ಸೋತು, ಹೆಮ್ಮೆಯಿಂದ ಸೇರಿಸಿದ, "ನಾನು ಪ್ರವೀಣನ ಅಪ್ಪ ಅಂತ ಅಕಿಗೆ ಒಂಚೂರೂ ಗೊತ್ತಾಗಿಲ್ಲ ನೋಡು, ಹಂಗ ಮಾತಾಡ್ಸೀನಿ."

ರಿಸೀವರ್ ಇಟ್ಟು ತಿರುಗಿದ. ಗಾಜಿನಾಚೆ ಪುಷ್ಪಲತಾ ಎದ್ದು ನಿಂತು ಸೆರಗನ್ನು ತಲೆಯ ಮೇಲೆ ಎಳೆದುಕೊಂಡಿದ್ದಳು.

ಕೊಟ್ಟೂರಿನ ಮನೆಯ ನಂಬರನ್ನು ತಾನು ಅವಳಿಗೆ ಹೇಳಿಯೇ ಇರಲಿಲ್ಲ ಎಂಬುದು ನಾಗಪ್ಪನಿಗೆ ಆಗ ಹೊಳೆಯಿತು.