ಹಲ್ಲಿನ ಸಂದಿಯ ಮಾತು

ಜನ ನುಂಗಿಕೊಂಡ ಮಾತುಗಳೆಲ್ಲ ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಳ್ಳುತ್ತಿದ್ದ ಕಾಲ. ಕ್ಲೀನ್ ಮಾಡುವಾಗ ಅವು ಗಟ್ಟಿಯಾಗಿ ಕೇಳಿಸುತ್ತಿದ್ದುದರಿಂದ ದಂತವೈದ್ಯರು ಕಿವಿಗೆ ಹತ್ತಿ ಇಟ್ಟುಕೊಳ್ಳುವುದು ವಾಡಿಕೆ.

ಅಂದು ಡಾಕ್ಟರ್ ಚಂಪಕಾಳ ಕುರ್ಚಿಗೆ ಒರಗಿದ್ದವಳು ಬಿಡಿಎಸ್ ಸಹಪಾಠಿ ನಿರುಪಮಾ. ಎಂಡಿಎಸ್ ಸೀಟು, ಪ್ರೊಫೆಸರ್ ಹುದ್ದೆ, ಫಾರಿನ್ ಸಂಶೋಧನೆ ಎಲ್ಲ ಅವಳ ಪಾಲಿಗೆ. ಚಂಪಕಾಳಿಗೆ ಬಸ್‌ಸ್ಟ್ಯಾಂಡ್ ಎದುರಿನ ಈ ಒಂಟಿ ಕೋಣೆ. ಇವಳಿಗೂ ಒಳಗೊಂದು ಸಂಕಟ ಇರದೆ ಹೋದೀತೇ ಎಂದು ಚಂಪಕಾ ಕಿವಿಯ ಹತ್ತಿ ಕಿತ್ತು, ಸಂದಿಸಂದಿಯನ್ನೂ ಕೆರೆದಳು. ಒಂದು ಮಾತೂ ಉದುರಲಿಲ್ಲ. ಪುಣ್ಯಾತ್ಗಿತ್ತಿ ಏನನ್ನೂ ನುಂಗದೆ ಬದುಕಿದ್ದಳು! ಚಂಪಕಾಳ ಹೊಟ್ಟೆ ಇನ್ನಷ್ಟು ಉರಿಯಿತು.

ನಿರುಪಮಾ ಬಾಯಿ ಮುಕ್ಕಳಿಸಿ ಎದ್ದಳು. "ಬಾರೇ, ಈಗ ನೀನ್ ಕೂತ್ಕೋ. ಕಾಲೇಜಲ್ಲಿ ಒಬ್ರಿಗೊಬ್ರು ಕ್ಲೀನ್ ಮಾಡ್ಕೊಳ್ತಿದ್ವಲ್ಲ, ಹಾಗೆ. ಹತ್ತಿ ಯಾಕೆ, ನಮ್ಮಲ್ಲೇನ್ ಮುಚ್ಚುಮರೆ?"

ಚಂಪಕಾ ಬಾಯಿ ಬಿಡಲಿಲ್ಲ. 'ಬೇಡ' ಎಂಬ ಮಾತನ್ನೂ ನುಂಗಿಕೊಂಡಳು.