ಬರೆದವಳು ಬಾಯಿ ತೆರೆಯಬಾರದು

"ಕಾರ್ಖಾನೆ ಹೆಂಗಸರನ್ನೇ ಮಾತಾಡಿಸಿಲ್ವಲ್ಲ ಈ ಹುಡುಗಿ! ಇನ್ನೊಂದು ವರ್ಷ ಅಲೆದು ಬರಲಿ ಬಿಡಿ," ಎಂದು ಪ್ರೊಫೆಸರ್ ಹಾಲ್ವರ್ಸನ್ ನಕ್ಕರು. ಅಮೆರಿಕದ ಒಮಾಹಾ ನಗರದ ಈ ಕಮ್ಮಟದಲ್ಲಿ ಪಿಎಚ್‌ಡಿ ಪ್ರಬಂಧದ ಚರ್ಚೆ ಮುಗಿಯುವ ತನಕ ಬರೆದವರು ಬಾಯಿ ತೆರೆಯುವಂತಿಲ್ಲ. ಪ್ರಬಂಧ ಬರೆದ ಯೆಸೇನಿಯಾ ಹಲ್ಲು ಕಚ್ಚಿ ಕೂತಿದ್ದಳು. ಮಾಂಸದ ಕಾರ್ಖಾನೆಯ ಅರವತ್ತು ಹೆಂಗಸರ ಮಾತು ಮೂರನೇ ಅಧ್ಯಾಯದ ತುಂಬ ಇತ್ತು. ಹಾಲ್ವರ್ಸನ್ ಕೈಯಲ್ಲಿದ್ದದ್ದು ಮೊದಲ ಹತ್ತು ಹಾಳೆ ಮಾತ್ರ.

ಅವಳು ಎದ್ದಳು. "ನಿಯಮ ಗೊತ್ತಲ್ಲಮ್ಮ," ಎಂದರು ಸಭೆ ನಡೆಸುತ್ತಿದ್ದ ರೂತ್.

"ಗೊತ್ತು ಮೇಡಂ. ಮೂರನೇ ಅಧ್ಯಾಯ ಓದಿದವರು ಕೈ ಎತ್ತಿ."

ಹನ್ನೆರಡು ಜನರಲ್ಲಿ ಇಬ್ಬರ ಕೈಗಳು ಮಾತ್ರ ಮೇಲೆದ್ದವು. ಹಾಲ್ವರ್ಸನ್ ಕನ್ನಡಕ ಒರೆಸತೊಡಗಿದರು.

"ಸರಿ, ಇವರಿಬ್ಬರೇ ಮಾತಾಡಲಿ. ನೀವು ನನ್ನ ಜೊತೆ ಬಾಯಿ ಮುಚ್ಕೊಂಡು ಕೂತ್ಕೊಳ್ಳಿ, ಪ್ರೊಫೆಸರ್," ಎಂದು ಯೆಸೇನಿಯಾ ಕುರ್ಚಿ ಎಳೆದು ಕೂತಳು.